ಯಲ್ಲೇಶನ ಕೈ

ಯಲ್ಲೇಶನ ಕೈಯಲ್ಲಿ ಒಬ್ಬ ಮನುಷ್ಯ ಸತ್ತಿದ್ದ. ಅವನ ಬಗ್ಗೆ ಬರೆಯುವಾಗ ಅಲ್ಲಿಂದಲೇ ಶುರು ಮಾಡಬೇಕು. ಅವನೂ ಹಾಗೇ ಮಾಡುತ್ತಿದ್ದ. ಹೊಸಬರು ಯಾರಾದರೂ ಹೆಸರು ಕೇಳಿದರೆ, ಹೆಸರಿನ ಬೆನ್ನಿಗೇ ಅದನ್ನೂ ಹೇಳಿಬಿಡುತ್ತಿದ್ದ.

ನಾವಿಬ್ಬರೂ ಖಾನಾಪುರ ತಾಲ್ಲೂಕಿನ ಒಂದೇ ಹಳ್ಳಿಯವರು. ನಾನು ಓದಿ ಮಾಸ್ತರನಾದೆ. ಅವನು ಸಾಲೆ ಬಿಟ್ಟು ತಾಲೀಮಿಗೆ ಸೇರಿದ, ಆಮೇಲೆ ಬೆಳಗಾವಿಯ ಒಂದು ಫೌಂಡ್ರಿಗೆ. ಕುಸ್ತಿಯಲ್ಲಿ ಅವನದು ಒಂದೇ ಪಟ್ಟು: ಮಿಂಚಿನ ಹಾಗೆ ಬಗ್ಗಿ, ಎದುರಾಳಿಯ ಕಾಲು ಹಿಡಿದು ಎತ್ತಿ ಒಗೆಯುವುದು. ಸುತ್ತಲ ಹತ್ತೂರಲ್ಲಿ ಅದು ಗೊತ್ತಿತ್ತು.

ಒಂದು ಸಲ ಸೋತು ಬಂದ. ಮರುದಿನ ಫೌಂಡ್ರಿಯಲ್ಲಿ ಹಲಸಿ ಊರಿನ ಕಲ್ಮೇಶ ಎಲ್ಲರೆದುರು ಕೇಳಿದ: “ಪೈಲವಾನರ, ಮಣ್ಣಿನ ರುಚಿ ಹೆಂಗಿತ್ರೀ? ಉಪ್ಪು ಕಮ್ಮಿ ಬಿದ್ದಿತ್ತೇನು?”

ಎಲ್ಲರೂ ನಕ್ಕರು. ಕುಲುಮೆ ಕೆದಕುವ ಕಬ್ಬಿಣದ ಸರಳು ಯಲ್ಲೇಶನ ಕೈಯಲ್ಲಿತ್ತು. ಮೂರು ಏಟು ಹಾಕಿದ. ಮೊದಲನೆಯದಕ್ಕೇ ಜೀವ ಹೋಗಿತ್ತೆಂದು ಡಾಕ್ಟರು ಕೋರ್ಟಿನಲ್ಲಿ ಹೇಳಿದರು.

ಹಿಂಡಲಗಾ ಜೈಲಿನಲ್ಲಿ ಹದಿನಾಲ್ಕು ವರ್ಷ. ಮೊದಲ ಮೂರು ವರ್ಷ ಅಲ್ಲಿಯೂ ಹೊಡೆದಾಟವೇ. ಅದೇ ಬರಾಕಿನಲ್ಲಿ ಗುರುಪುತ್ರಪ್ಪನೆಂಬ ಮುದುಕ ಕೈದಿಯಿದ್ದ. ಪಂಢರಪುರದ ಭಕ್ತ, ಕೊರಳಲ್ಲಿ ತುಳಸಿ ಮಾಲೆ. ದಿನಾ ಸಂಜೆ ಪೋಥಿ, ಅಂದರೆ ಸಂತರ ಕಥೆಯ ಪುಸ್ತಕ, ಗಟ್ಟಿಯಾಗಿ ಓದುತ್ತಿದ್ದ. ಓದು ಕಿರಿಕಿರಿಯಾಗಿ ಯಲ್ಲೇಶ ಅವನ ಬಾಯಿಗೆ ಗುದ್ದಿದ. ಎರಡು ಹಲ್ಲು ಪೋಥಿಯ ಮೇಲೆ ಬಿದ್ದವು. ಮರುದಿನ ಮುದುಕ ಊದಿದ ತುಟಿಯಲ್ಲೇ ಓದಿದ. ಓದು ಮುಗಿಸಿ ಎದ್ದು ಬಂದು ಬಗ್ಗಿ ಯಲ್ಲೇಶನ ಪಾದ ಮುಟ್ಟಿದ. ಮಾಲೆ ಹಾಕಿಕೊಂಡವರ ಪದ್ಧತಿ ಅದು. ಎದುರಿಗೆ ಬಂದವನು ದೊಡ್ಡವನೋ ಸಣ್ಣವನೋ ನೋಡದೆ ಕಾಲು ಮುಟ್ಟುತ್ತಾರೆ.

“ಹುಚ್ಚ ಹಿಡಿದೈತೇನೋ ಮುದುಕಾ?”

“ನಿನ್ನೊಳಗೂ ವಿಠ್ಠಲ ಅದಾನಪಾ. ಹೊರಗ ಬರಾಕ ಬಾಗಲಾ ಸಿಗವಲ್ದು ಅವಂಗ, ಅದಕ್ಕ ಒದ್ಯಾಕತ್ಯಾನ.”

ಯಲ್ಲೇಶ ಅಂದು ನಕ್ಕನಂತೆ. ಆಮೇಲೆ ಆ ಮುದುಕನ ಬಳಿಯೇ ಕೂತು, ಒಂದೊಂದೇ ಅಕ್ಷರ ಕೂಡಿಸಿ ಪೋಥಿ ಓದಲು ಕಲಿತ. ನಾನು ಭೇಟಿಗೆ ಹೋದಾಗ ಒಮ್ಮೆ ಹೇಳಿದ: “ಮಂದಿಗೆ ಸಿಟ್ಟ ಬಂದಮ್ಯಾಲ ಕೈ ಏಳತೈತಿ. ನಂಗ ಮದಲ ಕೈ, ಆಮ್ಯಾಲ ಸಿಟ್ಟು. ಆ ಕೈನ್ನ ಯಾಂವ ಎತ್ತತಾನ, ಅವನ್ನ ಒಮ್ಮೆ ಕಣ್ಣಾರೆ ನೋಡಬೇಕಲೇ.” ನಾನು ಓದಿದ ವೇದಾಂತವೆಲ್ಲ ಆ ಒಂದು ಮಾತಿನಲ್ಲಿತ್ತು.

ಬಿಡುಗಡೆಯಾದ ಮೇಲೆ ಅವನಿಗೆ ಬೇಕಾಗಿದ್ದು ಒಂದೇ, ತುಳಸಿ ಮಾಲೆ. ನಮ್ಮೂರಲ್ಲಿ ಹೊಸಬರ ಕೊರಳಿಗೆ ಮಾಲೆ ಹಾಕುವ ಗುರು ಸತ್ಯಪ್ಪ ಬುವಾ. ಎರಡು ವರ್ಷ ಇವನನ್ನು ನೋಡಿದರು. ಮಾಂಸ ಬಿಟ್ಟ, ಕುಡಿತ ಬಿಟ್ಟ. ಆದರೂ ಹಾಕಲಿಲ್ಲ.

“ಮಾಲಿ ಹಾಕ್ಕೊಂಡಾಂವ ಯಾರ ಮ್ಯಾಲೂ ಕೈ ಎತ್ತಬಾರದು. ಇಲ್ಲಿ ಕುಂತು ನೀ ಯಾರ ಮ್ಯಾಲ ಎತ್ತತಿ? ಹಲಸಿಗೆ ಹೋಗು. ಕಲ್ಮೇಶನ ತಾಯಿ ಕಾಲ ಮುಟ್ಟು, ತಮ್ಮನ ಕಾಲ ಮುಟ್ಟು. ಅವರು ಉಗುಳಲಿ, ಬಡೀಲಿ. ಕೈ ಏಳದಿದ್ರ ಬಾ.”

ನನ್ನ ಮೋಟರ್‌ಸೈಕಲ್ ಮೇಲೆ ಹೋದೆವು. ಮೊದಲೇ ಹೇಳಿ ಕಳಿಸಿದರೆ ಬರಬೇಡಿ ಅಂದಾರೆಂದು ನಾನೇ ಹೇಳಿ ಕಳಿಸಲಿಲ್ಲ. ಆ ತಪ್ಪು ನನ್ನದು.

ಮಧ್ಯಾಹ್ನದ ಹೊತ್ತು. ಕಲ್ಮೇಶನ ತಾಯಿ ಭರಮವ್ವ ಕಟ್ಟೆಯ ಮೇಲೆ ಅಕ್ಕಿ ಕೇರುತ್ತಿದ್ದಳು. ತಮ್ಮ ಗಜಾನನ ಅಂಗಳದಲ್ಲಿ ಕಟ್ಟಿಗೆ ಒಡೆಯುತ್ತಿದ್ದ.

“ಯಾರ ಮನೀಗೆ ಬಂದಿ ಅನ್ನೂದರ ಗೊತ್ತೈತೇನು?” ಎಂದ ಗಜಾನನ.

“ಗೊತ್ತೈತ್ರೀ. ಅದಕ್ಕ ಬಂದೇನಿ.”

ಹಾಗೆನ್ನುತ್ತಲೇ ಯಲ್ಲೇಶ ಮುಂದೆ ಹೋಗಿ ಬಗ್ಗಿದ. ಪಾದ ಮುಟ್ಟಲೆಂದೇ ಬಗ್ಗಿದ. ಆದರೆ ಮೈ ಪೈಲವಾನನದು, ಅದಕ್ಕೆ ನಿಧಾನವಾಗಿ ಬಗ್ಗುವುದು ಗೊತ್ತೇ ಇರಲಿಲ್ಲ. ಆ ಬಗ್ಗುವಿಕೆಯನ್ನು ಗಜಾನನ ಸಣ್ಣವನಿದ್ದಾಗ ಕುಸ್ತಿಯ ಕಣದಲ್ಲಿ ನೋಡಿದ್ದ. ಅಣ್ಣನನ್ನು ಕೊಂದವನು ಈಗ ತನ್ನನ್ನು ಎತ್ತಿ ಒಗೆಯಲು ಬಂದನೆಂದೇ ತಿಳಿದ.

ಕೊಡಲಿಯ ಹಿಂಬದಿ ಬೆನ್ನಿಗೆ ಬಿತ್ತು. ಯಲ್ಲೇಶ ಮೊಣಕಾಲೂರಿದ. ಎರಡನೆಯ ಏಟು ತಲೆಗೆ ಬರುತ್ತಿದ್ದಾಗ ಅವನ ಬಲಗೈ ಮೇಲೆದ್ದು ಕೊಡಲಿಯ ಕಾವನ್ನು ಗಪ್ಪನೆ ಹಿಡಿಯಿತು. ಗಜಾನನ ತೆಳ್ಳಗಿನ ಆಳು. ಒಮ್ಮೆ ತಿರುವಿದ್ದರೆ ಕೊಡಲಿ ಕೈ ಬದಲಾಗುತ್ತಿತ್ತು. ಯಲ್ಲೇಶ ಮೇಲೆ ನೋಡಿದ. ಆಮೇಲೆ ಕೈ ಬಿಟ್ಟ.

ಕೊಡಲಿ ಬಲ ಹೆಗಲ ಎಲುಬು ಸೀಳಿತು. ಇನ್ನೊಂದು ಏಟು ಕಿವಿಯ ಹಿಂದೆ ಬಿತ್ತು. ರಕ್ತ ನನ್ನ ಅಂಗಿಗೆ ಸಿಡಿಯಿತು. ನಾನು ನಿಂತಲ್ಲೇ ನಿಂತಿದ್ದೆ. ಮೊರ ಬಿಸುಟು ಓಡಿ ಬಂದು ಮಗನ ರಟ್ಟೆಗೆ ಜೋತುಬಿದ್ದವಳು ಆ ಮುದುಕಿ. “ಸಾಕೋ ನನ ಕಂದಾ! ಇನ್ನೊಂದ ಹೆಣ ಬ್ಯಾಡೋ!”

ಬೆಳಗಾವಿಯ ಆಸ್ಪತ್ರೆಯಲ್ಲಿ ಒಂಬತ್ತು ದಿನ ಇದ್ದ. ಪೊಲೀಸರಿಗೆ, “ನಾ ಕಾಲ ಹಿಡಿಯಾಕ ಬಗ್ಗಿದೆ, ಅವ ಅಂಜಿದ್ರೀ. ತಪ್ಪು ನಂದ,” ಎಂದು ಬರೆಸಿದ. ಹೆಬ್ಬೆಟ್ಟು ಒತ್ತದೆ ಎಡಗೈಯಲ್ಲಿ ಸಹಿ ಮಾಡಿದ. ಎಂಟನೆಯ ದಿನ ಸತ್ಯಪ್ಪ ಬುವಾ ಮಾಲೆ ಹಿಡಿದುಕೊಂಡು ಬಂದರು.

“ಗೆದ್ದೆಪಾ. ಕುತ್ತಿಗಿ ಎತ್ತು.”

“ಬ್ಯಾಡ್ರೀ ಬುವಾ. ಕೈ ಎತ್ತೀನಿ.”

“ಬಿಟ್ಟಿ ಅಲ್ಲೇನು? ಮಾಸ್ತರ ಎಲ್ಲಾ ಹೇಳ್ಯಾರ.”

“ಮಾಸ್ತರಗೇನ ಕಾಣತೈತ್ರೀ?” ನಗಲು ಹೋಗಿ ನರಳಿದ. “ಕಾವ ಹಿಡದಾಗ, ಅವನ ಕುತ್ತಿಗಿ ಎಲ್ಲಿ ಐತಿ ಅಂತ ನೋಡೇನಿ. ಎಲ್ಲಿ ಹೊಡೀಬೇಕಂತ ಜಾಗಾ ಹಿಡಿದಿದ್ದೆ. ಆಮ್ಯಾಲ ಬಿಟ್ಟೆ. ಆದರ ನೋಡಿದೆನ್ರೀ ಅವನ್ನ, ಕೈ ಎತ್ತಾಂವನ್ನ. ಇನ್ನೂ ಅದಾನ ಒಳಗ.”

ಬುವಾ ಮಾಲೆ ಹಿಡಿದುಕೊಂಡೇ ಹಾಸಿಗೆಯ ಬದಿಗೆ ಕೂತರು. ಮರುದಿನ ಬೆಳಿಗ್ಗೆ ಯಲ್ಲೇಶ ತೀರಿಕೊಂಡ.

ಹೆಣವನ್ನು ಚಿತೆಗೆ ಏರಿಸುವ ಮೊದಲು ಬುವಾ ನನ್ನನ್ನು ಬಾಜೂಕ ಕರೆದು ಕೇಳಿದರು: “ಮಾಸ್ತರ, ಈಗರ ಹಾಕಲೇನು? ಇನ್ನ ಅವ ಬ್ಯಾಡ ಅನ್ನೂದಿಲ್ಲ.”

ಅವನ ಪರವಾಗಿ ನಾನೇ ಬೇಡ ಎಂದೆ. ಬುವಾ ಮಾಲೆಯನ್ನು ಕಿಸೆಗೆ ಹಾಕಿಕೊಂಡರು, ನಾನು ಬೆಂಕಿ ಇಟ್ಟೆ.