ರಂಗೋಲಿ ಬೀಳದ ಬಾಗಿಲು

ಕ್ಯಾಲನೂರಿನಲ್ಲಿ ಮುನಿಯಲ್ಲಮ್ಮನ ರಂಗೋಲಿ ಎಂದರೆ ನಿಂತು ನೋಡುವಂಥದ್ದು. ಸುಳ್ಳಲ್ಲ, ದಾರಿಹೋಕರು ಕೂಡ ಅದನ್ನು ತುಳಿಯದೆ ಬಳಸಿಕೊಂಡು ಹೋಗುತ್ತಿದ್ದರು. ಅಂಥ ಕೈಗೆ, ಎರಡನೇ ಮಹಾಯುದ್ಧ ಶುರುವಾದ ವರ್ಷ, ಕೀಲುವಾಯು ಬಂದು ವಕ್ಕರಿಸಿತು. ಬೆರಳಿನ ಗೆಣ್ಣುಗಳು ಊದಿಕೊಂಡವು. ಬೆಳಗಾಗೆದ್ದರೆ ಮುಷ್ಟಿ ಬಿಚ್ಚುತ್ತಿರಲಿಲ್ಲ. ಹೊತ್ತು ಮೇಲೇರಿದ ಮೇಲೆ ಅಷ್ಟಿಷ್ಟು ಸಡಿಲವಾಗುತ್ತಿತ್ತು. ಮಧ್ಯಾಹ್ನ ಸೊಪ್ಪು ಬಿಡಿಸುವವಳಿಗೆ ಬೆಳಿಗ್ಗೆ ಏನು ಧಾಡಿ ಎಂದು ಊರು ಆಡಿಕೊಂಡಿತು. ಊರಿಗೇನು, ಆಡಿಕೊಳ್ಳುವುದಕ್ಕೆ ಬೆರಳು ಬೇಕೇ!

ಅವಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ನಡುಮನೆಯಿಂದ ಹಿತ್ತಿಲಿಗೆ, ಹಿತ್ತಿಲಿನಿಂದ ಬಾಗಿಲಿಗೆ. ಅನ್ನ ಸೇರದು, ಯಾರ ಮಾತೂ ಬೇಡ. ತಲೆ ಬಾಚಿಕೊಳ್ಳಲಿಲ್ಲವೇ ಎಂದು ಗಂಡ ಬಚ್ಚಪ್ಪ ಕೇಳಿದರೆ ಸಿಡಿಮಿಡಿ. ಮುದ್ದೆ ತಿರುವುವುದನ್ನು ಅವನೇ ಕಲಿತ. ಅದು ಒಳಗಿನ ಕೆಲಸ, ಯಾರಿಗೂ ಕಾಣದು. ಬಾಗಿಲ ರಂಗೋಲಿ ಗಂಡಸು ಹಾಕುವ ಹಾಗಿಲ್ಲ, ಮನೆಯಲ್ಲಿ ಬೇರೆ ಹೆಣ್ಣಿಲ್ಲ. ರಂಗೋಲಿಯಿಲ್ಲದ ಬೋಳು ಬಾಗಿಲು ಸಾವಾದ ಮನೆಗಷ್ಟೇ. ರಂಗೋಲಿಯೊಂದು ತಪ್ಪಿದರೆ ತಾನು ಈ ಮನೆಯ ಹೆಂಗಸೇ ಅಲ್ಲ ಎಂದು ಅವಳಿಗೆ ಭಯ. ಎರಡು ಮುಷ್ಟಿಗಳ ನಡುವೆ ಪುಡಿ ಹಿಡಿದು ಹೇಗೋ ನಾಲ್ಕು ಗೆರೆ ಎಳೆದು ಬರುತ್ತಿದ್ದಳು.

ಮಾಗಿಯ ಒಂದು ಬೆಳಿಗ್ಗೆ ಅದೂ ಆಗಲಿಲ್ಲ. ಪುಡಿಯ ಕರಟ ಕೈಜಾರಿ ಬಿತ್ತು. ಬಚ್ಚಪ್ಪ ಆಗಲೇ ಹೊಲಕ್ಕೆ ಹೋಗಿದ್ದ. ಅವಳು ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಕೂತಳು, ಎದ್ದಳು, ಮತ್ತೆ ಕೂತಳು.

ಎದುರುಮನೆಯ ಚಿಕ್ಕಗಂಗಮ್ಮ ಬೋಳು ಬಾಗಿಲು ನೋಡಿದವಳೇ ಬಾಯಿಗೆ ಸೆರಗಿಟ್ಟುಕೊಂಡು ಓಡಿಬಂದಳು. ಬಚ್ಚಪ್ಪನಿಗೇ ಏನೋ ಆಗಿದೆ ಎಂದು ಅವಳ ಎಣಿಕೆ.

"ಯಾರಮ್ಮಾ ಹೋಗಿದ್ದು?"

"ನಾನೇ ಕಣಕ್ಕಾ," ಎಂದಳು ಮುನಿಯಲ್ಲಮ್ಮ. "ಹೋಗಿ ಶಾನೆ ದಿನ ಆಯ್ತು. ನಿಮಗೆ ಇವತ್ತು ಕಾಣಿಸ್ತು."

ಚಿಕ್ಕಗಂಗಮ್ಮ ಬೈಯಲು ಬಾಯಿ ತೆರೆದಳು, ಬೈಯಲಿಲ್ಲ. ಮುನಿಯಲ್ಲಮ್ಮನ ಊದಿದ ಕೈ ಹಿಡಿದಳು. ಗೆಣ್ಣುಗಳು ಸುಡುತ್ತಿದ್ದವು. ಸೊಪ್ಪಿನ ಮಾತನ್ನು ಮೊದಲು ಆಡಿದವಳು ತಾನೇ ಎಂಬುದು ನೆನಪಾಗಿ ಅವಳಿಗೆ ನಾಚಿಕೆಯಾಯಿತು. ಪಕ್ಕದಲ್ಲೇ ಕೂತಳು. ಹೊತ್ತೇರಿ ಬೆರಳು ಸಡಿಲವಾದ ಮೇಲೆ ತಾನೇ ಬಾಗಿಲಿಗೆ ನೀರು ಹಾಕಿ, ಪುಡಿ ತಂದುಕೊಟ್ಟು, ಈಗ ಹಾಕು ಎಂದಳು. ನೆತ್ತಿಯ ಮೇಲೆ ಬಿಸಿಲಿರುವಾಗ ಮುನಿಯಲ್ಲಮ್ಮ ಸೊಟ್ಟ ಗೆರೆಗಳನ್ನು ಎಳೆದಳು. ನೋಡಿ ನಕ್ಕವರೂ ಇದ್ದರು.

ವಾಯು ವಾಸಿಯಾಗಲಿಲ್ಲ, ಮನಸ್ಸಿನ ತಳಮಳವೂ ಪೂರ್ತಿ ಹೋಗಲಿಲ್ಲ. ಆ ಬಾಗಿಲಿಗೆ ರಂಗೋಲಿ ಮಧ್ಯಾಹ್ನವೇ ಬೀಳುತ್ತಿತ್ತು. ಕೆಲವು ದಿನ ಮಧ್ಯಾಹ್ನವೂ ಬೀಳುತ್ತಿರಲಿಲ್ಲ. ಅಂಥ ದಿನ ಚಿಕ್ಕಗಂಗಮ್ಮ ಯಾರು ಹೋದರೆಂದು ಕೇಳುತ್ತಿರಲಿಲ್ಲ, ಸೀದಾ ಒಳಗೆ ಬಂದು ಪಕ್ಕದಲ್ಲಿ ಕೂರುತ್ತಿದ್ದಳು.