ಮೋಟರಿನ ಹಮೀದಾಕ

ಇದ್ದಿಲ ಒಲೆಯ ಮೋಟರು ಬಿಚ್ಚುವ ಕೆಲಸಕ್ಕೆ ಹಮೀದಾಕ ಇಸ್ತ್ರಿ ಹಾಕಿದ ಬಿಳಿ ಅಂಗಿ ತೊಟ್ಟು ಬರುತ್ತಿದ್ದರು. ಸಂಜೆ ವಾಪಸಾಗುವಾಗಲೂ ಅದು ಬಿಳಿಯಾಗಿಯೇ ಇರುತ್ತಿತ್ತು. ಅದೇ ಕೆಲಸ ಮಾಡಿದ ನಾನು ಮಾತ್ರ ಮಸಿ, ಬೂದಿ, ಕೋಳಿಯ ಕೊಬ್ಬು ಮೆತ್ತಿಕೊಂಡು ವ್ಯಾನು ಹತ್ತುತ್ತಿದ್ದೆ. "ಎಂತ ವಸಂತ, ಒಲೆಯ ಒಳಗೇ ಕೂತಿದ್ದಿಯಾ?" ಎಂದು ಅವರು ಕೇಳಿದರೆ ವ್ಯಾನಿನಲ್ಲಿದ್ದವರೆಲ್ಲ ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ.

ಸೌದಿಯ ಅಲ್ ಅಹ್ಸಾದಲ್ಲಿ ಹೋಟೆಲುಗಳ ಅಡುಗೆಮನೆ ಯಂತ್ರಗಳನ್ನು ನೋಡಿಕೊಳ್ಳುವ ವರ್ಕ್‌ಶಾಪೊಂದರಲ್ಲಿ ನಾವಿಬ್ಬರೂ ಮೆಕ್ಯಾನಿಕ್‌ಗಳು. ನಾನು ಕಾಪುವಿನವನು, ಅವರು ಬಂಟ್ವಾಳದ ಕಡೆಯ ಬ್ಯಾರಿ. ವಯಸ್ಸಿನಲ್ಲಿ ನನಗಿಂತ ಹಿರಿಯರು, ಆದರೆ ವರ್ಕ್‌ಶಾಪಿಗೆ ನನ್ನ ನಂತರ ಸೇರಿದವರು. ಸುಟ್ಟ ಕೋಳಿ ಮಾರುವ ಹೋಟೆಲುಗಳ ಒಲೆಗೆ ಎರಡು ಮೋಟರು. ಒಂದು ಕೋಳಿ ಪೋಣಿಸಿದ ಸರಳುಗಳನ್ನು ತಿರುಗಿಸುತ್ತದೆ, ಇನ್ನೊಂದು ಕೆಂಡಕ್ಕೆ ಗಾಳಿ ಊದುತ್ತದೆ. ಬಿಸಿ, ಬೂದಿ, ಜಿಡ್ಡು ಸೇರಿ ಎರಡನ್ನೂ ಬೇಗ ಹಾಳುಮಾಡುತ್ತವೆ. ಹಮೀದಾಕ ಕೈ ಇಟ್ಟ ಮೋಟರು ಮಾತ್ರ ವರ್ಷಗಟ್ಟಲೆ ಓಡುತ್ತಿತ್ತು.

ಅದನ್ನು ಹೇಳಿಕೊಳ್ಳಲು ಅವರಿಗೆ ಸಂಕೋಚವೂ ಇರಲಿಲ್ಲ. "ನನ್ನ ಹಾಗೆ ಗ್ರೀಸ್ ಹಾಕುವವ ಈ ಸೌದಿಯಲ್ಲೇ ಇಲ್ಲ ಮಾರಾಯ. ನೀವೆಲ್ಲ ಬೇರಿಂಗಿಗೆ ಮದುವೆ ಊಟ ಬಡಿಸ್ತೀರಿ. ಅದಕ್ಕೆ ಗಂಜಿ ಸಾಕು."

ನಾನು ಪೈಪಿನಿಂದ ಗಾಳಿ ಹೊಡೆದು ಬೂದಿ ಹಾರಿಸಿದರೆ ಬೈಯುತ್ತಿದ್ದರು. "ಹಾರಿದ ಬೂದಿ ಎಲ್ಲಿಗೆ ಹೋಗ್ತದೆ? ಅರ್ಧ ಬೇರಿಂಗಿಗೆ, ಅರ್ಧ ನಿನ್ನ ಮುಖಕ್ಕೆ." ತಾವು ಮಾತ್ರ ಕೆಳಗೆ ಕಾಗದ ಹಾಸಿ, ಮೆತ್ತಗಿನ ಬ್ರಶ್ಶಿನಿಂದ ಒಂದೊಂದೇ ಸಂದಿಯನ್ನು ಗುಡಿಸುತ್ತಿದ್ದರು. ಅಂಗಿ ಬಿಳಿಯಾಗಿ ಉಳಿಯುವ ಗುಟ್ಟು ಇದೇ ಎಂದು ಗೊತ್ತಾದ ಮೇಲೂ ನಾನು ಹಠ ಹಿಡಿದು ಗಾಳಿಯನ್ನೇ ಹೊಡೆದೆ.

ಅಲ್ಲಿನ ಹುಫೂಫ್ ಪೇಟೆಯ ಒಂದು ಹೋಟೆಲಿನಲ್ಲಿ ನಾನು ಹಾಕಿದ ಫ್ಯಾನಿನ ಮೋಟರು ಮತ್ತೆ ಮತ್ತೆ ಸುಟ್ಟುಹೋಗುತ್ತಿತ್ತು. ಕೊನೆಗೆ ಅಲ್ಲಿನ ಯಮನಿ ಮಾಲೀಕ ನನ್ನೆದುರೇ ವರ್ಕ್‌ಶಾಪಿಗೆ ಫೋನು ಮಾಡಿ, ಹಮೀದನನ್ನು ಕಳಿಸಿ ಎಂದ. ಬಂದ ಹಮೀದಾಕ ಸಲಕರಣೆ ಪೆಟ್ಟಿಗೆ ತೆರೆಯಲೇ ಇಲ್ಲ. ಸುಲೈಮಾನಿ ಚಹಾ ತರಿಸಿಕೊಂಡು ಕೂತರು. ಮಧ್ಯಾಹ್ನದ ಗಿರಾಕಿಗಳು ಮುಗಿದ ಮೇಲೆ ಅಡುಗೆಯವರು ಎಲ್ಲ ಸ್ವಿಚ್ಚು ಆರಿಸಿ ಮಲಗಲು ಹೊರಟರು. ಒಲೆಯಲ್ಲಿ ಕೆಂಡ ಇನ್ನೂ ಕೆಂಪಗಿತ್ತು. ಹಮೀದಾಕ ಅವರನ್ನು ತಡೆದು ನಿಲ್ಲಿಸಿ, ನನ್ನ ಕಡೆ ತಿರುಗಿದರು.

"ಕಂಡಿಯಾ? ಕೆಂಡ ಬಿಟ್ಟು ಫ್ಯಾನ್ ಬಂದ್ ಮಾಡಿದ್ರೆ ಆ ಬಿಸಿಯೆಲ್ಲ ಮೋಟರಿನ ಹೊಟ್ಟೆಗೇ. ಮೊದಲು ಕೆಂಡ ತೆಗೀಬೇಕು. ಮತ್ತೆ ಒಲೆ ತಣಿಯುವ ತನಕ ಗಾಳಿ ಓಡ್ಬೇಕು."

ಅಂದಿನಿಂದ ಅಲ್ಲಿ ಮೋಟರು ಸುಡಲಿಲ್ಲ. ಮಾಲೀಕ ಅವರ ಮುಂದೆ ಇಡೀ ಕೋಳಿಯ ತಟ್ಟೆ ಇಟ್ಟ. ಜೊತೆಗೆ ಬಂದವನೆಂದು ನನಗೂ ಒಂದು ಕಾಲು ಸಿಕ್ಕಿತು. ಆ ಕಾಲಿನ ರುಚಿ ನನಗೆ ನೆನಪಿಲ್ಲ.

ಮನೆಯಲ್ಲಾದರೂ ನೆಮ್ಮದಿ ಇತ್ತೇ? ಒಂದು ದಿನ ಮಿಕ್ಸಿ ನಿಂತಾಗ ಇಲ್ಲೇ ನನ್ನ ಜೊತೆಗಿರುವ ಹೆಂಡತಿ ಶೋಭಾ, "ಹಮೀದಾಕನಿಗೆ ಒಮ್ಮೆ ತೋರಿಸುವನಾ?" ಎಂದಳು.

"ಹಾಗಾದ್ರೆ ನಾನು ಯಾರು? ತೆಂಗಿನಕಾಯಿ ಕೀಳುವವನಾ?"

"ಅದಕ್ಕೆ ಯಾಕೆ ಸಿಟ್ಟು? ಅವರು ಮಾಡಿದ್ದು ಬಾಳಿಕೆ ಬರ್ತದೆ ಅಂತ ನೀವೇ ಹೇಳಿದ್ದಲ್ವಾ."

ಹೇಳಿದ್ದು ನಿಜ. ಆ ಶುಕ್ರವಾರ ಹಮೀದಾಕ ಊಟಕ್ಕೆ ಬಂದರು, ಮಿಕ್ಸಿ ಸರಿಮಾಡಿದರು. ಹುರಿದ ಬಂಗುಡೆ ಮೊದಲು ಬಿದ್ದದ್ದು ಅವರ ತಟ್ಟೆಗೆ.

ವರ್ಕ್‌ಶಾಪಿನ ಉಸ್ತುವಾರಿ ನನಗೇ ಎಂದುಕೊಂಡಿದ್ದೆ. ನಮ್ಮನ್ನು ಕೆಲಸಕ್ಕಿಟ್ಟ ಸೌದಿ ಮಾಲೀಕ, ಕಫೀಲ್, ಅದನ್ನೂ ಅವರಿಗೇ ಕೊಟ್ಟ. ಕೈಕುಲುಕಿ ಅಭಿನಂದಿಸಿದೆ. ಹೊಟ್ಟೆಯೊಳಗೆ ಇದ್ದಿಲ ಒಲೆಯೇ ಉರಿಯುತ್ತಿತ್ತು.

ಕಳೆದ ವರ್ಷ ರಿಯಾದಿನ ದೊಡ್ಡ ಅಡುಗೆಮನೆಯೊಂದು ಅವರನ್ನು ಕರೆಸಿಕೊಂಡಿತು. ಬೀಳ್ಕೊಡಲು ಹುಫೂಫ್ ರೈಲು ನಿಲ್ದಾಣಕ್ಕೆ ಹೋದೆ. ಅವರು ಹೋಗುವುದನ್ನು ಕಣ್ಣಾರೆ ಕಾಣುವ ಆಸೆಯೂ ಇತ್ತು. ಹತ್ತುವ ಮುನ್ನ ನನ್ನ ಹೆಗಲ ಮೇಲೆ ಕೈ ಇಟ್ಟು, "ಇಲ್ಲಿ ಉಳಿದವರಲ್ಲಿ ನಿನ್ನ ಕೈಯೇ ಒಳ್ಳೇದು ವಸಂತ. ನನ್ನಷ್ಟು ಅಲ್ಲ," ಎಂದರು. ಅವರ ಬಾಯಿಂದ ನಾನು ಕೇಳಿದ ಮೊದಲ ಹೊಗಳಿಕೆ. ಮನೆಗೆ ಬಂದು ಶೋಭಾಗೆ ಹೇಳಿದೆ, ಕೊನೆಯ ಎರಡು ಪದ ಬಿಟ್ಟು.

ಈಗ ಉಸ್ತುವಾರಿ ನನ್ನದು. ಹೋಟೆಲುಗಳಲ್ಲಿ ಚಹಾ ನನಗೇ ಬರುತ್ತದೆ. ಬೂದಿ ತೆಗೆಯಲು ಬ್ರಶ್ಶು ಹಿಡಿಯುತ್ತೇನೆ. ಅವರಿಲ್ಲದ ವ್ಯಾನಿನಲ್ಲಿ ಯಾರೂ ನಗುವುದಿಲ್ಲ.

ಮೊನ್ನೆ ಶುಕ್ರವಾರ ಹಮೀದಾಕನ ಫೋನು ಬಂತು. ನನ್ನ ಕೆಲಸದ ಬಗ್ಗೆ ಕೇಳುತ್ತಾರೆಂದು ಕಾದೆ.

"ಇಲ್ಲಿ ಒಬ್ಬ ನೇಪಾಳಿ ಇದ್ದಾನೆ ಮಾರಾಯ, ನಿನ್ನದೇ ಪ್ರಾಯ. ಅವ ಬೇರಿಂಗ್ ಕೂರಿಸುದು ನೋಡ್ಬೇಕು ನೀನು! ಅಂಥ ಕೈ ನಾನು ಅಲ್ಲಿ ಕಂಡದ್ದೇ ಇಲ್ಲ."

"ಒಳ್ಳೇದಾಯ್ತು," ಎಂದೆ. ಸುಮ್ಮನಿರಲಾಗಲಿಲ್ಲ. "ಗ್ರೀಸ್ ಹಾಕ್ಲಿಕ್ಕೆ ಬರ್ತದಾ ಅವನಿಗೆ?"

ಹಮೀದಾಕ ಗಟ್ಟಿಯಾಗಿ ನಕ್ಕರು. "ನನಗಿಂತ ಚೆಂದ ಹಾಕ್ತಾನೆ!"

ಶೋಭಾ ಊಟಕ್ಕೆ ಕರೆದಳು. ಹಸಿವಿಲ್ಲ ಎಂದೆ.