ಫೌಜದಾರ ದೌಲತರಾಯನ ಸಾಕ್ಷಿ

ನರೋಣಾದ ಬಸ್ ನಿಲ್ದಾಣದ ಎದುರು, ಚಾಂದಪಾಶಾನ ಹೋಟೆಲಿನ ಬೆಂಚಿನ ಮೇಲೆ ಕುಳಿತ ಹುಲೆಪ್ಪ ಎದೆ ಸೆಟೆಸಿ ಆಜ್ಞೆ ಮಾಡಿದ: “ಯಾರಲ್ಲಿ? ಒಂದು ಕಪ್ ಚಹಾ ಹಾಜರುಪಡಿಸು.”

“ಸಕ್ಕರಿ ಹಾಕಿ ತರ್ಲ್ಯೋ, ಬೇಡಿ ಹಾಕಿ ತರ್ಲ್ಯೋ ಸಾಹೇಬ್ರ?” ಎಂದ ಚಾಂದಪಾಶಾ.

ತೊಗರಿ ಚೀಲ ಹೊರುವ ಹುಲೆಪ್ಪನಿಗೆ ಹುಟ್ಟಿನಿಂದ ಉಗ್ಗು. ಸ್ವಂತ ಹೆಸರಿನ ಮೊದಲ ಅಕ್ಷರಕ್ಕೇ ನಾಲಿಗೆ ಸಿಕ್ಕಿಬೀಳುತ್ತಿತ್ತು. ಶಾಲೆಯಲ್ಲಿ ಹಾಜರಿ ಕೂಗುವಾಗಿನ ನಗುವಿಗೆ ಅಂಜಿ ಎರಡನೇ ಇಯತ್ತೆಗೇ ಶಾಲೆ ಬಿಟ್ಟಿದ್ದ. 1974ರಲ್ಲಿ ಊರಿನವರು ನಾಟಕ ಆಡಿದಾಗ ಫೌಜದಾರನ ಪಾತ್ರದವನು ಕೈಕೊಟ್ಟ. ಇವನ ಮೈಕಟ್ಟು ನೋಡಿ ಇವನಿಗೇ ಖಾಕಿ ತೊಡಿಸಿದರು. ಆ ಪಾತ್ರಕ್ಕೆ ಮಾತು ಹೇಗೂ ಕಡಿಮೆ ಇದ್ದವು. ಫೌಜದಾರ ದೌಲತರಾಯ ಯಾರಿಗೂ ಅಂಜದವನು. ಅವನಾಗಿ ನಿಂತ ಹುಲೆಪ್ಪ ಒಮ್ಮೆಯೂ ಉಗ್ಗಲಿಲ್ಲ.

ನಾಟಕ ಮುಗಿದ ಮೇಲೂ ಅವನು ಆ ದನಿ ಬಿಡಲಿಲ್ಲ. ಅಂಗಡಿಯಲ್ಲಿ, ಬಸ್ಸಿನಲ್ಲಿ, ಮಾವನ ಮನೆಯಲ್ಲಿ ಮಾತಾಡಿದ್ದೆಲ್ಲ ದೌಲತರಾಯನೇ. ಊರು ಮೊದಲು ನಕ್ಕಿತು, ಆಮೇಲೆ ಅದಕ್ಕೆ ರೂಢಿಯಾಯಿತು. ಹುಲೆಪ್ಪ ಎಂದು ಯಾರಾದರೂ ಕರೆದರೆ ಅವನು ತಿರುಗಿ ನೋಡುವುದನ್ನೂ ಬಿಟ್ಟ.

1983ರಲ್ಲಿ ತಮ್ಮ ಮಲ್ಲಣ್ಣನ ಮೇಲೆ ಪಂಪಸೆಟ್ಟು ಕದ್ದ ಆರೋಪ ಬಂತು. ಕಳವಾದ ರಾತ್ರಿ ಮಲ್ಲಣ್ಣ ಜ್ವರ ಬಂದು ಅಣ್ಣನ ಪಡಸಾಲೆಯಲ್ಲಿ ಮಲಗಿದ್ದ. ಅದನ್ನು ಕಂಡವನು ಹುಲೆಪ್ಪನೊಬ್ಬನೇ. ಕೋರ್ಟಿನಲ್ಲಿ ನಾಟಕದ ದನಿ ಬೇಡ, ತಡವಾದರೂ ನಿನ್ನ ಮಾತಿನಲ್ಲೇ ಹೇಳು ಎಂದು ವಕೀಲರು ಎಚ್ಚರಿಸಿದ್ದರು.

ಆಳಂದದ ಕೋರ್ಟಿನಲ್ಲಿ ಹೆಸರು ಕೇಳಿದರು. ಹುಲೆಪ್ಪನ ತುಟಿ ದುಂಡಗಾಯಿತು, ಕುತ್ತಿಗೆಯ ನರ ಉಬ್ಬಿತು, ಅಕ್ಷರ ಹೊರಡಲಿಲ್ಲ. ನ್ಯಾಯಾಧೀಶರು ನೀರು ಕೊಡಿಸಿ ಕಾದರು. ಕೊನೆಗೆ ಅವನು ಎದೆ ಸೆಟೆಸಿದ.

“ಆ ರಾತ್ರಿ ಮಲ್ಲಣ್ಣನು ಜ್ವರಪೀಡಿತನಾಗಿ ನಮ್ಮ ಕಣ್ಣೆದುರೇ ಮಲಗಿದ್ದನು. ಇದು ಫೌಜದಾರ ದೌಲತರಾಯನ ಮಾತು.”

ಕುಳಿತವರೆಲ್ಲ ನಕ್ಕರು. ನ್ಯಾಯಾಧೀಶರು ನಗಲಿಲ್ಲ. ಕಂಡವನು ಹುಲೆಪ್ಪನಾದರೆ ಹುಲೆಪ್ಪನೇ ಹೇಳಬೇಕು, ನಾಟಕದ ಫೌಜದಾರನ ಸಾಕ್ಷಿ ಬರೆದುಕೊಳ್ಳಲು ಬರುವುದಿಲ್ಲ ಎಂದರು.

ಆರೋಪಿಯ ಕಟಕಟೆಯಿಂದ ಮಲ್ಲಣ್ಣ ಮೆಲ್ಲಗೆ ಹೇಳಿದ: “ಅಣ್ಣಾ, ನಿನ್ನ ಹೆಸರೊಂದು ಹೇಳು. ಅಷ್ಟ ಸಾಕು.”

ಹುಲೆಪ್ಪ ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ. ಸ್ವಲ್ಪ ಹೊತ್ತಿನ ಮೇಲೆ ವಕೀಲರೇ ಭುಜ ಹಿಡಿದು ಅವನನ್ನು ಕೆಳಗಿಳಿಸಿದರು.

ಮಲ್ಲಣ್ಣನಿಗೆ ಒಂದು ವರ್ಷ ಶಿಕ್ಷೆಯಾಯಿತು. ಅವನ ಹೆಂಡತಿ ಗುರಮ್ಮ ಮಕ್ಕಳನ್ನು ಕರೆದುಕೊಂಡು ಅಫಜಲಪುರದ ತವರಿಗೆ ಹೋದಳು.